ಎಂಟು ಖಾನೆ ಸುಮ್ಮನೆ

ನಿವೃತ್ತಿಯ ದಿನ ಮನುಷ್ಯ ಬಾಯಿ ಮುಚ್ಚಿಕೊಂಡು, ಕೊಟ್ಟ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು, ನೆಟ್ಟಗೆ ಮನೆಗೆ ಹೋಗಬೇಕು. ನಮ್ಮ ಆಕ್ಷೇಪಣೆಯವರು ಅಷ್ಟು ಮಾಡಿದ್ದರೆ ಒಂದು ಕಟ್ಟಡದ ಹದಿನಾಲ್ಕು ಮನೆಗಳ ನೆಮ್ಮದಿ ಉಳಿಯುತ್ತಿತ್ತು.

ಆಕ್ಷೇಪಣೆಯವರು ಅಂದರೆ ಅವರ ಹೆಸರಲ್ಲ. ಕಚೇರಿಯವರು ಇಟ್ಟದ್ದು. ಲೈಸೆನ್ಸ್ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು, ಬಂದ ಅರ್ಜಿಗಳಲ್ಲಿ ತಪ್ಪು ಹುಡುಕಿ, ಕೆಂಪು ಪೆನ್ಸಿಲಿನಲ್ಲಿ 'ಆಕ್ಷೇಪಣೆ' ಎಂದು ಬರೆದು ವಾಪಸು ಕೊಡುವುದು ಅವರ ಕೆಲಸ. ಹುಟ್ಟಿದ ದಿನಾಂಕ ತಪ್ಪಾಗಿದ್ದರೆ ಕ್ಷಮಿಸಿಯಾರು, ಸಹಿ ವಕ್ರವಾಗಿದ್ದರೆ ಸಹಿಸಿಯಾರು. ಆದರೆ 'ಕಚೇರಿ ಉಪಯೋಗಕ್ಕೆ ಮಾತ್ರ' ಎಂದು ಅಚ್ಚಾಗಿರುವ ಖಾನೆಯಲ್ಲಿ ಅರ್ಜಿದಾರ ಏನಾದರೂ ಗೀಚಿದನೋ, ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. "ಇದು ನಿಮ್ಮ ಜಾಗ ಅಲ್ಲ. ನಿಮ್ಮದಲ್ಲದ ಜಾಗದಲ್ಲಿ ನೀವ್ಯಾಕೆ ಬರೆದ್ರಿ?" ಎಂದು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೇಳುತ್ತಿದ್ದರು. ಎದುರಿಗಿದ್ದವನು ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

ಅಂಥವರ ಕೊನೆಯ ದಿನ. ಬಿಸ್ಕತ್ತು ತಟ್ಟೆ ಖಾಲಿಯಾದ ಮೇಲೆ ಮಾತಿಗೆ ಏನೂ ಉಳಿಯದೆ ಯಾರೋ ಕೇಳಿದರು: "ಇನ್ನು ಮೇಲೆ ಏನ್ ಮಾಡ್ತೀರಿ ಸಾರ್?"

ನಿಜವಾದ ಉತ್ತರ 'ಏನೂ ಇಲ್ಲ' ಎಂದು. ಮದುವೆಯಾಗಿರಲಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ಒಬ್ಬಳು ತಂಗಿ. ಬೆಳಿಗ್ಗೆ ಎದ್ದರೆ ಹೋಗಲು ಈ ಕಿಟಕಿ ಬಿಟ್ಟರೆ ಬೇರೆ ಜಾಗವೇ ಇರಲಿಲ್ಲ. ಆದರೆ ಇಪ್ಪತ್ತು ಜನ ನೋಡುತ್ತಿರುವಾಗ ಹಾಗೆಂದು ಹೇಳುವುದಾದರೂ ಹೇಗೆ? ಬಾಯಿಗೆ ಬಂದದ್ದು ಬಂತು.

"ಪಿಯಾನೋ ನುಡಿಸ್ತೀನಿ."

ಪೂರ್ತಿ ಸುಳ್ಳೇನೂ ಅಲ್ಲ. ಅವರ ಮೊದಲನೇ ಮಹಡಿಯ ಮನೆಯಲ್ಲಿ ಒಂದು ಪಿಯಾನೋ ಇತ್ತು. ಹಿಂದೆ ಬಾಡಿಗೆಗಿದ್ದ ಸಂಗೀತದ ಟೀಚರು ಮನೆ ಬಿಡುವಾಗ ಅದು ಮೆಟ್ಟಿಲ ತಿರುವಿನಲ್ಲಿ ಇಳಿಯಲೇ ಇಲ್ಲವಂತೆ. ಹತ್ತುವಾಗ ಹೇಗೆ ಹತ್ತಿತೋ ಯಾರಿಗೂ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ಆಕ್ಷೇಪಣೆಯವರು ಅದರ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದರು.

"ಹೌದಾ ಸಾರ್! ಹಾಗಾದ್ರೆ ಒಂದಿನ ಎಲ್ಲರೂ ಬರ್ತೀವಿ. ನೀವು ನುಡಿಸಿ, ನಾನು ಹಾಡ್ತೀನಿ" ಎಂದರು ಟಪಾಲು ವಿಭಾಗದ ಹೆಂಗಸು. ಎಲ್ಲರೂ ಗೊಳ್ಳೆಂದು ನಕ್ಕು ಟೀ ಕುಡಿಯಲು ಹೋದರು. ಆ ಟೀ ಆರುವುದರೊಳಗೆ ಆಕೆ ಆ ಮಾತು ಮರೆತರು. ಆಕ್ಷೇಪಣೆಯವರು ಮರೆಯಲಿಲ್ಲ. ಹೇಳಿದ ಮಾತು ದಾಖಲೆಯಾಗುತ್ತದೆ ಎಂದು ನಂಬಿದ ಮನುಷ್ಯ ಆತ, ಏನು ಮಾಡುವುದು?

ಮರುದಿನ ಟವೆಲು ತೆಗೆದರು. ಪಿಯಾನೋದ ಸ್ಟೂಲಿನ ಮುಚ್ಚಳ ಎತ್ತಿದರೆ ಒಳಗೆ ಎರಡು ಪುಸ್ತಕ. ಒಂದು, ತಾನಾಗಿಯೇ ಕಲಿಯುವವರಿಗಾಗಿ ಬರೆದ ತೆಳು ಕೈಪಿಡಿ. ಇನ್ನೊಂದು ಒಂದೇ ಒಂದು ಹಾಡಿನ ಸ್ವರಲಿಪಿ, ಆರು ಪುಟ. ಬಿಚ್ಚಿ ನೋಡಿದರೆ, ಅಬ್ಬಾ! ತಮ್ಮ ಕಚೇರಿಯೇ ಅಚ್ಚಾಗಿ ಬಂದಂತೆ ಗೆರೆಗಳು, ಉದ್ದ ಗೆರೆ, ಅಡ್ಡ ಗೆರೆ, ಗೆರೆಗಳ ನಡುವೆ ಖಾನೆಗಳು. ಐದೈದು ಗೆರೆಗಳ ಸಾಲುಗಳು ಮೂರು ಮೂರಾಗಿ ಗುಂಪಾಗಿದ್ದವು. ಕೆಳಗಿನ ಎರಡು ಸಾಲಿಗೆ ಎಡಗಡೆ ಒಂದು ಬಳುಕಿನ ಕಂಸ ಹಾಕಿ, ಕಡತಕ್ಕೆ ದಾರ ಕಟ್ಟಿದ ಹಾಗೆ ಕಟ್ಟಿಹಾಕಿದ್ದರು. ಮೇಲಿನದು ಒಂದೇ ಬೇರೆ, ಅದರ ಅಡಿಯಲ್ಲಿ ಹಾಡಿನ ಮಾತುಗಳು. ಕೈಪಿಡಿ ಸ್ಪಷ್ಟವಾಗಿ ಹೇಳಿತ್ತು: ಮೇಲಿನ ಸಾಲು ಹಾಡುವವರದು, ಕೆಳಗಿನ ಜೋಡಿ ಸಾಲು ನುಡಿಸುವವರದು.

ಆಕ್ಷೇಪಣೆಯವರಿಗೆ ಹೃದಯ ತುಂಬಿ ಬಂತು. ಎಂಥ ಅಚ್ಚುಕಟ್ಟಾದ ಅರ್ಜಿ! ಮೇಲಿನ ಸಾಲು ತಮ್ಮದಲ್ಲ. ಅದನ್ನು ಮುಟ್ಟಕೂಡದು. ಬೇರೆ ಯಾರಾದರೂ ಆದರೆ ಕುತೂಹಲಕ್ಕಾದರೂ ಒಂದು ಬೆರಳಲ್ಲಿ ಆ ಸಾಲನ್ನು ಒತ್ತಿ, ಹಾಡು ಹೇಗಿದೆ ಎಂದು ಕೇಳುತ್ತಿದ್ದರು. ಇವರು ಕೇಳಲಿಲ್ಲ. ಕಚೇರಿಯ ಗೋಂದು ತಂದು ಪಿಯಾನೋದ ಪ್ರತಿ ಪಟ್ಟಿಗೂ ಸ್ವರದ ಹೆಸರು ಬರೆದ ಕಾಗದದ ಚೀಟಿ ಅಂಟಿಸಿ, ದಿನಾ ಸಂಜೆ ಆರಕ್ಕೆ ಸರಿಯಾಗಿ ಕೂತು, ಮೂರು ತಿಂಗಳಲ್ಲಿ ಕೆಳಗಿನ ಎರಡು ಸಾಲನ್ನು ಒಂದು ತಪ್ಪಿಲ್ಲದೆ ಕಲಿತುಬಿಟ್ಟರು.

ಕೇಳುವವರ ಗತಿ ಯೋಚಿಸಿ. ಡುಂ ಟಿಂ ಟಿಂ ಟಿಂ, ಡುಂ ಟಿಂ ಟಿಂ ಟಿಂ. ಇದೇನೋ ಶುರು, ಹಾಡು ಇನ್ನೇನು ಬರುತ್ತದೆ ಎಂದು ಹದಿನಾಲ್ಕು ಮನೆಯೂ ಕಿವಿ ಕೊಟ್ಟಿತು. ಬರಲಿಲ್ಲ. ನಾಳೆ ಬಂದೀತು ಎಂದರು. ನಾಳೆಯೂ ಡುಂ ಟಿಂ ಟಿಂ ಟಿಂ. ಕಟ್ಟಡದ ಸೆಕ್ರೆಟರಿಯ ಹೆಂಡತಿ ಹಾಡಿಗೆ ಕಾಯುತ್ತಾ ಎರಡು ಸಲ ಹಾಲು ಉಕ್ಕಿಸಿದರು. "ಮದುವೆಗೆ ಕರೆದು ಬರೀ ಎಲೆ ಹಾಕಿ ಎಬ್ಬಿಸಿದ ಹಾಗಾಯ್ತಲ್ರೀ" ಎಂದು ಮೆಟ್ಟಿಲ ಮೇಲೆ ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡರು.

ಅಷ್ಟೇ ಆಗಿದ್ದರೆ ಜನ ಹೇಗೋ ಹೊಂದಿಕೊಳ್ಳುತ್ತಿದ್ದರು. ಕೆಡಿಸಿದ್ದು ನಾಲ್ಕನೇ ಪುಟ. ಅಲ್ಲಿ ಹಾಡುವವರು ಒಬ್ಬರೇ ಹಾಡಬೇಕು, ಪಿಯಾನೋ ಸುಮ್ಮನಿರಬೇಕು. ಕೆಳಗಿನ ಸಾಲುಗಳಲ್ಲಿ ಸ್ವರಗಳ ಬದಲು ಖಾನೆಗೊಂದು ಸಣ್ಣ ಕರಿ ಇಟ್ಟಿಗೆ ಗೆರೆಗೆ ನೇತುಬಿದ್ದಿತ್ತು. ಇಂಥ ಖಾನೆಗಳು ಎಂಟು. ಖಾನೆಗೆ ನಾಲ್ಕೆಣಿಕೆ. ಆಕ್ಷೇಪಣೆಯವರು ಕೈ ಎತ್ತಿ, ಮೂವತ್ತೆರಡು ಮನಸ್ಸಿನಲ್ಲೇ ಎಣಿಸಿ, ಆಮೇಲೆ ಎಡಗೈ ಇಡುತ್ತಿದ್ದರು. ಅವರ ಎಣಿಕೆಯ ಗತಿಗೆ ಸುಮಾರು ಒಂದು ನಿಮಿಷ.

ಮೊದಲ ಸಲ ನಾಲ್ಕನೇ ಪುಟ ಮುಟ್ಟಿದ ಸಂಜೆ, ಹದಿನೈದನೇ ಎಣಿಕೆಗೆ ಬಾಗಿಲು ದಡದಡ ಬಡಿಯಿತು.

ಕೆಳಮನೆಯ ಗಾರ್ಡು. ರೈಲ್ವೆಯಲ್ಲಿ ಮೂವತ್ತೈದು ವರ್ಷ ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಬಿಟ್ಟುಬಂದ ಹಳಿಯನ್ನೇ ನೋಡಿಕೊಂಡು ಓಡಾಡಿದ ಮನುಷ್ಯ. ಹೆಂಡತಿ ತೀರಿಕೊಂಡು ಆರು ವರ್ಷ. ಯಾರ ಹತ್ತಿರವೂ ಮಾತಿಲ್ಲ, ಕಥೆಯಿಲ್ಲ. ಒಂದು ಕೈಯಲ್ಲಿ ಟಾರ್ಚು ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು.

"ಏನಾಯ್ತ್ರೀ?"

"ಏನೂ ಆಗಿಲ್ಲ. ಹದಿನಾರು, ಹದಿನೇಳು..."

"ಮತ್ತೆ ಯಾಕೆ ನಿಂತಿತು?"

"ಈಗ ನನ್ನ ಸರದಿ ಅಲ್ಲ. ಅವರು ಮುಗಿಸಲಿ ಅಂತ ಕಾಯ್ತಿದ್ದೀನಿ."

ಗಾರ್ಡು ಒಳಗೆ ಇಣುಕಿದರು. ಒಂದು ಮಂಚ, ಒಂದು ಕುರ್ಚಿ, ಕಚೇರಿ ಕೊಟ್ಟ ಗಡಿಯಾರ. "ಯಾರು ಮುಗಿಸಲಿ ಅಂತ?"

"ಹಾಡೋರು."

"ಯಾರೂ ಇಲ್ವಲ್ಲ!"

"ಇಲ್ಲ ಅಂತ ಅವರ ಜಾಗಕ್ಕೆ ನಾನು ನುಗ್ಗೋಕಾಗುತ್ತೇನ್ರೀ?" ಎಂದ ಆಕ್ಷೇಪಣೆಯವರು ಎಣಿಕೆ ತಪ್ಪಿದ ಸಿಟ್ಟಿಗೆ ಬಾಗಿಲು ಹಾಕಿಕೊಂಡು ಮೊದಲನೇ ಪುಟದಿಂದ ಶುರು ಮಾಡಿದರು.

ಮರುದಿನ ನಾಲ್ಕನೇ ಪುಟಕ್ಕೆ ಮತ್ತೆ ಗಾರ್ಡು ಹಾಜರು. ಅದರ ಮರುದಿನವೂ. "ಏನ್ರೀ ಇದು ಕಾಟ?" ಎಂದು ಕೇಳಿದ್ದಕ್ಕೆ ಗಾರ್ಡು ಎದೆ ಸೆಟೆಸಿ ಹೇಳಿದರು: "ನೋಡಿ ಸ್ವಾಮಿ, ಸ್ಟೇಷನ್ ಇಲ್ಲದ ಕಡೆ ಗಾಡಿ ನಿಂತು, ಮುಂದಿಂದ ಏನೂ ಸುದ್ದಿ ಬರಲಿಲ್ಲ ಅಂದ್ರೆ, ಗಾರ್ಡ್ ಇಳಿದು ಹೋಗಿ ನೋಡಬೇಕು. ಅದು ರೂಲು."

ರೂಲು ಎಂದ ಮೇಲೆ ಆಕ್ಷೇಪಣೆಯವರು ಒಪ್ಪಿ ತಲೆಯಾಡಿಸಿದರು. ರೂಲಿಗೆ ಎದುರಾಡಿ ಅವರಿಗೆ ಅಭ್ಯಾಸವೇ ಇರಲಿಲ್ಲ.

ಆದರೆ ದಿನಾ ಸಂಜೆ ಗಾರ್ಡು ಟಾರ್ಚು ಹಿಡಿದು ಮೆಟ್ಟಿಲು ಹತ್ತುವುದನ್ನು ಕಟ್ಟಡ ನೋಡದೆ ಬಿಟ್ಟೀತೆ? ಮೇಲಿನವರಿಗೆ ಫಿಟ್ಸ್ ಬರುತ್ತದಂತೆ ಎಂದು ಒಂದು ಮನೆ ಹೇಳಿತು. ಫಿಟ್ಸ್ ಅಲ್ಲ, ಹೃದಯ ಒಂದು ನಿಮಿಷ ನಿಂತು ಮತ್ತೆ ಶುರುವಾಗುತ್ತದಂತೆ ಎಂದು ಇನ್ನೊಂದು. ಸೆಕ್ರೆಟರಿ ಖುದ್ದು ವಿಚಾರಣೆಗೆ ಹೋಗಿ, ಹೋದಷ್ಟೇ ವೇಗದಲ್ಲಿ ಇಳಿದು ಬಂದರು. "ಕಚೇರಿಯ ಹೆಂಗಸಂತೆ ಕಣೇ! ಹಾಡ್ತಾಳಂತೆ! ಅವಳು ಮುಗಿಸೋವರೆಗೂ ಇವರು ಕೈ ಎತ್ತಿಕೊಂಡು ಕಾಯ್ತಾರಂತೆ! ಅಲ್ಲಿ ನರಪಿಳ್ಳೆ ಇಲ್ಲ!" ಎಂದು ಹೆಂಡತಿಯ ಮುಂದೆ ಹೇಳಿ, ಎರಡು ಲೋಟ ನೀರು ಕುಡಿದು, ಆಕ್ಷೇಪಣೆಯವರ ತಂಗಿಯ ಫೋನ್ ನಂಬರು ಹುಡುಕಿದರು.

ತಂಗಿ ಆ ಭಾನುವಾರವೇ ಗಂಡನೊಂದಿಗೆ ಬಂದಳು. ಕೈಯಲ್ಲಿ ಒಂದು ದೊಡ್ಡ ಸೂಟ್‌ಕೇಸು, ಖಾಲಿ. ಅಣ್ಣನ ಬಟ್ಟೆ ತುಂಬಿಕೊಂಡು ಹೋಗುವುದಕ್ಕೆಂದೇ ತಂದದ್ದು. ಹಿಂದೆಯೇ ಒಬ್ಬ ಡಾಕ್ಟರು, ಅವರ ಹಿಂದೆ ಸೆಕ್ರೆಟರಿ, ಅವರ ಹಿಂದೆ ಬಾಗಿಲಲ್ಲಿ ಹಿಡಿಯುವಷ್ಟು ನೆರೆಹೊರೆ. ಗಾರ್ಡು ಮೂಲೆಯಲ್ಲಿ ಟಾರ್ಚಿನೊಂದಿಗೆ. ಹನ್ನೆರಡು ವರ್ಷದಲ್ಲಿ ಆ ಮನೆಗೆ ಅಷ್ಟು ಜನ ಬಂದದ್ದು ಅವತ್ತೇ. ಇರುವ ಒಂದು ಕುರ್ಚಿ ಯಾರಿಗೆ ಕೊಡಬೇಕೆಂದು ತಿಳಿಯದೆ ಆಕ್ಷೇಪಣೆಯವರು ಅದನ್ನು ಹಿಡಿದುಕೊಂಡೇ ನಿಂತರು.

ಡಾಕ್ಟರು ನಯವಾಗಿ ಶುರು ಮಾಡಿದರು. "ಆ ಹೆಂಗಸಿನ ಧ್ವನಿ ದಿನಾ ಕೇಳಿಸುತ್ತಾ?"

"ಇಲ್ಲ."

"ಯಾವಾಗಾದ್ರೂ?"

"ಒಂದು ದಿನವೂ ಕೇಳಿಸಿಲ್ಲ. ಕೇಳಿಸಿದ್ರೆ ನಾನ್ಯಾಕೆ ಎಣಿಸಬೇಕು ಹೇಳಿ?"

ಡಾಕ್ಟರು ಪೆನ್ನು ತೆಗೆದು, ಏನು ಬರೆಯಬೇಕೆಂದು ಹೊಳೆಯದೆ ಮತ್ತೆ ಜೇಬಿಗಿಟ್ಟರು. ಇಲ್ಲದ ಧ್ವನಿ ಕೇಳಿಸುವ ಕಾಯಿಲೆ ಅವರಿಗೆ ಗೊತ್ತಿತ್ತು. ಇಲ್ಲದ ಧ್ವನಿ ಕೇಳಿಸುತ್ತಿಲ್ಲ ಎಂದು ಕಾಯುವ ಕಾಯಿಲೆಗೆ ಅವರ ಓದಿನಲ್ಲಿ ಹೆಸರಿರಲಿಲ್ಲ.

"ನಮ್ಮ ಹಿಂದಿನ ರೂಮು ಖಾಲಿ ಇದೆ ಭಾವ" ಎಂದ ತಂಗಿಯ ಗಂಡ, ಪಿಯಾನೋದ ಸುತ್ತ ಒಂದು ಸುತ್ತು ಬಂದು. "ಇದನ್ನ ಮಾತ್ರ ಕೊಯ್ದು ಇಳಿಸಬೇಕಾಗುತ್ತೆ."

ಕೊಯ್ಯುವುದು ಎಂದದ್ದೇ ತಡ, ಆಕ್ಷೇಪಣೆಯವರು ಕುರ್ಚಿ ಬಿಟ್ಟು ಪಿಯಾನೋಗೆ ಅಡ್ಡ ಬಂದು ನಿಂತರು. ಅವರಿಗೆ ಆ ಹಿಂದಿನ ರೂಮು ಗೊತ್ತಿತ್ತು. ಒಳ್ಳೆಯ ರೂಮು, ಗಾಳಿ ಬೆಳಕಿನ ರೂಮು. ಅಲ್ಲಿ ಹೋದರೆ ಬೆಳಗಿನಿಂದ ಸಂಜೆಯವರೆಗೆ ಗೋಡೆ ನೋಡುತ್ತಾ ಕೂರಬೇಕು. ಸಂಜೆ ಆರಕ್ಕೆ ಹೋಗಿ ಕೂರಲು ಒಂದು ಸ್ಟೂಲು ಸಹ ಇರುವುದಿಲ್ಲ.

ಅವರು ಪುಸ್ತಕ ಬಿಚ್ಚಿ, ಅಷ್ಟೂ ಜನಕ್ಕೆ ನಾಲ್ಕನೇ ಪುಟ ತೋರಿಸಿದರು. ಇದು ಹಾಡುವವರ ಸಾಲು, ಇದು ನನ್ನದು, ಈ ಎಂಟು ಖಾನೆ ನಾನು ಸುಮ್ಮನಿರಬೇಕು. ಕನ್ನಡಕಗಳು ಒಂದೊಂದಾಗಿ ಪುಟದ ಮೇಲೆ ಬಗ್ಗಿದವು. "ಅಯ್ಯೋ, ಇಷ್ಟೇನಾ!" ಎಂದರು ಸೆಕ್ರೆಟರಿಯ ಹೆಂಡತಿ. ದೆವ್ವ ನೋಡಲು ಬಂದವರಿಗೆ ದೆವ್ವ ಸಿಗದ ಬೇಸರ ಆ ಧ್ವನಿಯಲ್ಲಿತ್ತು.

ತಂಗಿ ಮಾತ್ರ ಸೋಲಲಿಲ್ಲ. "ಅಲ್ಲ ಅಣ್ಣಾ, ಬಲಗೈಲಿ ಆ ಮೇಲಿನ ಸಾಲನ್ನೂ ನೀನೇ ಬಾರಿಸಿಬಿಡು. ಹಾಡೂ ಬರುತ್ತೆ, ಜನಕ್ಕೆ ಗಾಬರಿಯೂ ತಪ್ಪುತ್ತೆ. ಮುಗೀತಲ್ಲ."

ಆಕ್ಷೇಪಣೆಯವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

"ನಾನೇ ತುಂಬಿಬಿಟ್ರೆ, ಬರೋರು ಬಂದಾಗ ಅವರಿಗೆ ಜಾಗ ಎಲ್ಲಿದೆ ತಂಗಿ?"

ಯಾರು ಬರುತ್ತಾರೆ ಎಂದು ಯಾರೂ ಕೇಳಲಿಲ್ಲ. ಸೆಕ್ರೆಟರಿ ಗಡಿಯಾರ ನೋಡಿದರು. ಡಾಕ್ಟರು ಬೂಟಿನ ದಾರ ನೋಡಿದರು. ಒಂಟಿತನ ಎನ್ನುವುದು ಹೀಗೆ ಹತ್ತು ಜನರ ನಡುವೆ ಬಂದು ನಿಂತರೆ ಅದಕ್ಕೂ ಕುರ್ಚಿ ಇರುವುದಿಲ್ಲ.

ಮೂಲೆಯಿಂದ ಗಾರ್ಡು ಗಂಟಲು ಸರಿ ಮಾಡಿಕೊಂಡರು. "ಒಂದು ವ್ಯವಸ್ಥೆ ಹೇಳ್ತೀನಿ. ಇವರು ನಿಂತಾಗ, ಖಾನೆಗೊಂದು ಸಲ ಹಿಮ್ಮಡಿ ನೆಲಕ್ಕೆ ಕುಟ್ಟಲಿ. ಗಾಡಿ ಸುರಕ್ಷಿತ ಅಂತ ಅರ್ಥ. ನಾನು ಕೆಳಗಿನಿಂದ ಪೊರಕೆ ಹಿಡಿಯಲ್ಲಿ ಸೂರಿಗೆ ಕುಟ್ತೀನಿ. ತಿಳೀತು ಅಂತ ಅರ್ಥ. ಯಾರೂ ಮೆಟ್ಟಿಲು ಹತ್ತೋದು ಬೇಡ, ಯಾರೂ ಸಾಯೋದು ಬೇಡ."

ಸೆಕ್ರೆಟರಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ತಂಗಿ ಹದಿನೈದು ದಿನ ಗಡುವು ಕೊಟ್ಟಳು. ಇನ್ನೊಂದು ಸಲ ಈ ಮನೆಯಿಂದ ಗಲಾಟೆ ಎಂದು ಫೋನ್ ಬಂದರೆ ಅಣ್ಣ ಸೂಟ್‌ಕೇಸು ಸಮೇತ ಬರಬೇಕು, ಪಿಯಾನೋ ಗರಗಸಕ್ಕೆ. ಸೂಟ್‌ಕೇಸನ್ನು ಅಲ್ಲೇ ಮಂಚದ ಕೆಳಗೆ ಬಿಟ್ಟುಹೋದಳು.

ವ್ಯವಸ್ಥೆ ಅಂದರೆ ವ್ಯವಸ್ಥೆ. ಆರೂಕಾಲಿಗೆ ನಾಲ್ಕನೇ ಪುಟ. ಆಕ್ಷೇಪಣೆಯವರು ಕೈ ಎತ್ತಿ ಹಿಮ್ಮಡಿ ಕುಟ್ಟುತ್ತಿದ್ದರು, ಟಕ್. ನೆಲದಡಿಯಿಂದ ಉತ್ತರ, ಟೊಕ್. ಎಂಟು ಟಕ್ಕಿಗೆ ಎಂಟು ಟೊಕ್. ಆಮೇಲೆ ಎಡಗೈ. ಮೆಟ್ಟಿಲ ಮೇಲೆ ಎದುರಾದರೆ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

"ನಿನ್ನೆ ನಿಮ್ಮ ಆರನೇದು ಸ್ವಲ್ಪ ಬೇಗ ಬಂತು" ಎನ್ನುತ್ತಿದ್ದರು ಆಕ್ಷೇಪಣೆಯವರು.

"ಸೂರಿನ ಸುಣ್ಣ ಕಣ್ಣಿಗೆ ಬಿತ್ತು. ಗಮನಿಸ್ತೀನಿ" ಎನ್ನುತ್ತಿದ್ದರು ಗಾರ್ಡು.

ಅಷ್ಟೇ. ಆದರೆ ಆಕ್ಷೇಪಣೆಯವರು ಈಗೀಗ ಐದೂವರೆಗೇ ಮುಖ ತೊಳೆದು, ತಲೆ ಬಾಚಿ, ಕಚೇರಿಗೆ ಹೋಗುವಾಗಿನ ಅಂಗಿ ಹಾಕಿಕೊಂಡು ಕೂರತೊಡಗಿದ್ದರು. ಯಾಕೆಂದು ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಹದಿನಾಲ್ಕನೇ ಸಂಜೆ. ನಾಳೆ ಕಳೆದರೆ ಗಡುವು ಮುಗಿಯಿತು. ನಾಲ್ಕನೇ ಪುಟ ಬಂತು. ಟಕ್.

ಕೆಳಗೆ ಸದ್ದಿಲ್ಲ.

ಸುಣ್ಣ ಬಿದ್ದಿರಬೇಕು ಎಂದುಕೊಂಡರು. ಟಕ್. ಇಲ್ಲ. ಮೂರನೆಯದನ್ನು ಸ್ವಲ್ಪ ಜೋರಾಗಿ ಕುಟ್ಟಿದರು. ನಾಲ್ಕನೆಯದಕ್ಕೆ ಹಿಮ್ಮಡಿ ನೋವಾಯಿತು. ಐದು, ಆರು, ಏಳು. ಎಂಟೂ ಮುಗಿದು ಎಡಗೈ ಇಡುವ ಜಾಗ ಬಂತು. ಕಲಿತ ಮೇಲೆ ಒಂದು ದಿನವೂ ತಪ್ಪದ ಎಡಗೈ ಗಾಳಿಯಲ್ಲೇ ನಿಂತಿತು. ಇದು ತಮ್ಮ ಖಾನೆ, ತುಂಬಲೇಬೇಕಾದ ಖಾನೆ. ಆದರೆ ಕೆಳಗಿನವರ ಎಂಟೂ ಖಾಲಿ ಬಿದ್ದಿರುವಾಗ ತುಂಬುವುದು ಹೇಗೆ?

ಸ್ಟೇಷನ್ ಇಲ್ಲದ ಕಡೆ ನಿಂತು, ಸುದ್ದಿ ಬರದಿದ್ದರೆ, ಇಳಿದು ಹೋಗಿ ನೋಡಬೇಕು. ಅದು ರೂಲು.

ಆಕ್ಷೇಪಣೆಯವರು ಸ್ಟೂಲು ಉರುಳಿಸಿಕೊಂಡು ಎದ್ದರು. ಚಪ್ಪಲಿಯಿಲ್ಲದೆ, ಕೈಯಲ್ಲಿ ಪುಸ್ತಕ ಹಿಡಿದೇ ಮೆಟ್ಟಿಲು ಇಳಿದರು. ಸದ್ದಿಗೆ ಸೆಕ್ರೆಟರಿಯ ಬಾಗಿಲು ತೆರೆಯಿತು. "ಶುರುವಾಯ್ತಲ್ಲಪ್ಪಾ ಮತ್ತೆ!" ಎಂದು ಅವರು ಫೋನು ಕೈಗೆತ್ತಿಕೊಂಡರು. ಆಕ್ಷೇಪಣೆಯವರು ತಿರುಗಿಯೂ ನೋಡಲಿಲ್ಲ. ಗಾರ್ಡಿನ ಬಾಗಿಲನ್ನು ತಳ್ಳಿದರೆ ಚಿಲಕ ಹಾಕಿರಲಿಲ್ಲ.

ಗಾರ್ಡು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ತಲೆ ಒರಗಿಸಿ ಬಿದ್ದಿದ್ದರು. ಬಲಗಾಲಿನ ಗಿಣ್ಣು ಕುಂಬಳಕಾಯಿಯಷ್ಟು ಊದಿತ್ತು. ಪಕ್ಕದಲ್ಲಿ ಮಗುಚಿದ ಸ್ಟೂಲು. ಪೊರಕೆ ದೂರದಲ್ಲಿ, ಬಾಗಿಲ ಹಿಂದೆ, ಕೈಗೆ ಸಿಗದಂತೆ ನಿಂತಿತ್ತು.

"ಯಾವಾಗ ಬಿದ್ರಿ?"

"ಬೆಳಿಗ್ಗೆ ಹತ್ತಕ್ಕೆ. ಮೇಲಿನ ಡಬ್ಬಿ ತೆಗೆಯೋಕೆ ಹೋದೆ."

"ಹತ್ತಕ್ಕಾ! ಎಂಟು ಗಂಟೆ ಹೊತ್ತು ಹೀಗೇ ಬಿದ್ದಿದ್ರಾ? ಕೂಗಬಾರದಿತ್ತಾ?"

"ಯಾರನ್ನ ಅಂತ ಕೂಗಲಿ?" ಗಾರ್ಡು ಒಣಗಿದ ತುಟಿ ಒರೆಸಿಕೊಂಡರು. "ಒಂದು ಸಲ ಕೂಗೋಣ ಅಂತ ಬಾಯಿ ತೆಗೆದೆ. ಯಾರ ಹೆಸರೂ ಬರಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಆರೂಕಾಲಿಗೆ ನೀವು ಕುಟ್ತೀರಿ, ನಾನು ಕುಟ್ಟಲ್ಲ. ನೀವು ಇಳಿದು ಬರ್ತೀರಿ. ಬರೀ ಎಂಟು ಗಂಟೆ ತಾನೇ, ಗೂಡ್ಸ್ ಗಾಡೀಲಿ ಇದಕ್ಕಿಂತ ಹೆಚ್ಚು ಕಾದಿದ್ದೀನಿ."

ಆಕ್ಷೇಪಣೆಯವರು ಪುಸ್ತಕ ಕೆಳಗಿಟ್ಟು ಲೋಟ ಹುಡುಕಿದರು. ನೀರು ಕುಡಿಸಿದರು. ಬಾಗಿಲಲ್ಲಿ ನಿಂತಿದ್ದ ಸೆಕ್ರೆಟರಿ, ಫೋನಿನಲ್ಲಿ ತಂಗಿಗೆ ಹೇಳಲು ಶುರು ಮಾಡಿದ್ದ ದೂರನ್ನು ನಡುವೆಯೇ ನುಂಗಿ, ಆಂಬುಲೆನ್ಸಿಗೆ ಫೋನ್ ಮಾಡಿದರು.

ಅರ್ಧ ದೂರು ಕೇಳಿದ್ದ ತಂಗಿ ಬೆಳಿಗ್ಗೆಯ ಮೊದಲ ಬಸ್ಸಿಗೇ ಓಡಿ ಬಂದಳು. ಪೂರ್ತಿ ವಿಷಯ ಕೇಳಿ, ಮಂಚದ ಕೆಳಗಿನ ಸೂಟ್‌ಕೇಸನ್ನು ಎಳೆದು, ಅದರ ಮೇಲೇ ಕೂತಳು.

"ನಮ್ಮನೇಲಿ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಟುಹೋಗ್ತೀವಿ ಅಣ್ಣಾ. ಆ ಹಿಂದಿನ ರೂಮಲ್ಲಿ ನೀನು ಬಿದ್ರೆ ನಮಗೂ ಸಂಜೆವರೆಗೆ ಗೊತ್ತಾಗಲ್ಲ. ಆಮೇಲೂ ಯಾರಾದ್ರೂ ಹಿಂದಕ್ಕೆ ಬಂದು ನೋಡಿದ್ರೆ ಗೊತ್ತಾಗುತ್ತೆ, ಇಲ್ಲ ಅಂದ್ರೆ ಇಲ್ಲ."

ಖಾಲಿ ಸೂಟ್‌ಕೇಸನ್ನು ಖಾಲಿಯಾಗಿಯೇ ಎತ್ತಿಕೊಂಡು ಹೊರಟಳು. ಹೋಗುವಾಗ ಪಿಯಾನೋದ ಮೇಲೆ ಕೂತಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು.

ಎರಡು ದಿನದ ಮೇಲೆ ಗಾರ್ಡು ಆಸ್ಪತ್ರೆಯಿಂದ ಬಂದರು. ಮೊಣಕಾಲಿನವರೆಗೆ ಪ್ಲಾಸ್ಟರು, ಆರು ವಾರ ಮಂಚ ಬಿಟ್ಟು ಏಳಕೂಡದು. ಮಂಚದಿಂದ ಸೂರಿಗೆ ಪೊರಕೆ ಎಟುಕುವುದಿಲ್ಲ. ಇದು ಇಬ್ಬರಿಗೂ ಹೊಳೆದಿತ್ತು.

ಸಂಜೆ ಆರಕ್ಕೆ ಆಕ್ಷೇಪಣೆಯವರು ತಲೆ ಬಾಚಿ ಕೂತರು. ಒಂದನೇ ಪುಟ, ಎರಡು, ಮೂರು. ನಾಲ್ಕನೇ ಪುಟ ಬಂತು. ಕೈ ಎತ್ತಿದರು. ಹಿಮ್ಮಡಿ ಕುಟ್ಟಿದರು.

"ಒಂದೂ!"

ನೆಲದಡಿಯಿಂದ ಗಾರ್ಡಿನ ಗಂಟಲು. ಆರು ವರ್ಷ ಯಾರನ್ನೂ ಕೂಗದೆ ತುಕ್ಕು ಹಿಡಿದ ಗಂಟಲು ಅದು. ಒಡಕು ದನಿ, ಶ್ರುತಿಯ ಮಾತೇ ಬೇಡ.

ಟಕ್. "ಎರಡೂ!"

ಮೂರಕ್ಕೆ ಗಾರ್ಡು ಕೆಮ್ಮಿದರು. ನಾಲ್ಕಕ್ಕೆ ದನಿ ಸ್ವಲ್ಪ ಏರಿತು, ಐದಕ್ಕೆ ಇನ್ನೂ ಏರಿತು. ಸೆಕ್ರೆಟರಿಯ ಹೆಂಡತಿ ಒಲೆ ಆರಿಸಿ ಮೆಟ್ಟಿಲಿಗೆ ಬಂದು ನಿಂತರು. ಆರನೆಯದು ಎಂದಿನಂತೆ ಬೇಗ ಬಂತು. "ಎಂಟೂ!" ಎಂದು ಗಾರ್ಡು ಸ್ಟೇಷನ್ ಬಿಡುವ ಗಾಡಿಗೆ ಕೂಗುವ ಹಾಗೆ ಎಳೆದು ಕೂಗಿದ ಮೇಲೆ, ಆಕ್ಷೇಪಣೆಯವರ ಎಡಗೈ ಇಳಿಯಿತು.

ಹಾಡು ಮುಗಿಸಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕದಲ್ಲಿ ಏನೂ ಇರಲಿಲ್ಲ, ಕಣ್ಣಲ್ಲಿತ್ತು. ಕೆಂಪು ಪೆನ್ಸಿಲು ತೆಗೆದು ನಾಲ್ಕನೇ ಪುಟಕ್ಕೆ ಬಗ್ಗಿದರು. ಹಾಡುವವರ ಸಾಲಿನಲ್ಲಿ ಅಚ್ಚಾಗಿದ್ದದ್ದೇ ಬೇರೆ, ಬಂದದ್ದೇ ಬೇರೆ. ಸ್ವರ ತಪ್ಪು, ಮಾತು ತಪ್ಪು, ಆರನೇ ಖಾನೆ ಹೊತ್ತಿಗೆ ಮುಂಚೆ. ಆ ಸಾಲಿನ ಪಕ್ಕದಲ್ಲಿ ಅವರು ಸಣ್ಣಗೆ 'ಕೆಳಮನೆ' ಎಂದು ಬರೆದು, ಒಂದು ಸರಿ ಗುರುತು ಹಾಕಿದರು. ಅಷ್ಟು ತಪ್ಪು ತುಂಬಿದ ಅರ್ಜಿಯನ್ನು ಅವರು ಆಕ್ಷೇಪಣೆಯಿಲ್ಲದೆ ಪಾಸು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು.